ಗುರುಶಾಂತಮ್ಮನ ಒರಳಿಗೆ ಎರಡು ಒನಕೆ

ಗುರುಶಾಂತಮ್ಮ ತೀರಿಕೊಂಡಳು. ಯುಗಾದಿ ಕಳೆದು ಬಂದ ಸೋಮವಾರ, ಬೆಳಗಿನ ಹೊತ್ತು, ಸರಗೂರಿನ ಅಂಗಡಿ ಬೀದಿಯ ತನ್ನ ಮನೆಯಲ್ಲಿ, ಒಲೆಯ ಮುಂದೆ ಕುಸಿದಳು. ತಾಲೂಕು ಊರಾದ ಕೋಟೆಯಿಂದ ಡಾಕ್ಟರನ್ನು ಕರೆಸುವಷ್ಟು ಹೊತ್ತೂ ಸಿಗಲಿಲ್ಲ. ಸಂಜೆಗೆ ಊರಾಚೆ ಅವರದೇ ಹೊಲದಲ್ಲಿ ವಿಭೂತಿ ಇಟ್ಟು ಮಣ್ಣು ಮಾಡಿದರು. ಹುಣಸೂರು, ಪಿರಿಯಾಪಟ್ಟಣದ ನೆಂಟರಿಗೆ ಮಾರನೆಯ ದಿನದ ಬಸ್ಸಿನಲ್ಲಿ ಸುದ್ದಿ ಹೋಯಿತು. ಅವಳಿಗೆ ನಲವತ್ತು ದಾಟಿತ್ತು, ಐವತ್ತು ಆಗಿರಲಿಲ್ಲ. ಸರಿಯಾದ ಲೆಕ್ಕ ಯಾರಿಗೂ ಗೊತ್ತಿಲ್ಲ.

ಅವಳನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಅವಳು ನಿಲ್ಲದೆ ಓಡಾಡುತ್ತಿದ್ದದ್ದು. ಕೂತು ಮಾತಾಡಿದ್ದನ್ನು ಕಂಡವರು ಕಡಿಮೆ. ಮನೆಗೆ ಬಂದವರಿಗೆ ಚಾಪೆ ಹಾಸಿ, ನೀರು ಕೊಟ್ಟು, ತಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡುತ್ತಿದ್ದಳು. ಅರ್ಧ ಮಾತಿಗೆ ಹಿತ್ತಿಲಿಗೆ ಹೋಗಿ ಬರುತ್ತಿದ್ದಳು. ಒಲೆಯ ಮುಂದೆಯೂ ಅಷ್ಟೇ, ಮಣೆ ಹಾಕಿಕೊಂಡು ಕೂತವಳಲ್ಲ. ತುದಿಗಾಲಲ್ಲಿ ಕುಕ್ಕರಗಾಲು ಹಾಕಿ, ಈಗ ಎದ್ದೆ ಎನ್ನುವ ಹಾಗೆ ಇರುತ್ತಿದ್ದಳು. ಅತ್ತೆ ಸುಂದ್ರಮ್ಮನವರು ಎಷ್ಟೋ ಸಲ ಮಣೆಯನ್ನು ಕಾಲಿನಿಂದ ಅವಳ ಹತ್ತಿರಕ್ಕೆ ತಳ್ಳಿದ್ದುಂಟು.

ಅವಳ ಗಂಡ ಗಂಗಾಧರಪ್ಪನವರದು ದಿನಸಿ ಅಂಗಡಿ. ವಯನಾಡಿನ ಮೆಣಸು ಬಾವಲಿ ದಾರಿಯಲ್ಲಿ ಗಾಡಿಯ ಮೇಲೆ ಬರುತ್ತಿತ್ತು. ಕೆ.ಆರ್. ನಗರದ ಕಡೆಯಿಂದ ದನಿಯ, ಮೈಸೂರಿನಿಂದ ಜೀರಿಗೆ, ಇಂಗು. ಮೂಟೆ ಬಿಚ್ಚಿದರೆ ಮೊದಲು ಅವಳ ಕೈ ಒಳಗೆ ಹೋಗಬೇಕು. ಒಂದು ಹಿಡಿ ದನಿಯ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಇದು ಮನೆಗೆ, ಇದು ಅಂಗಡಿಗೆ ಎಂದು ಹೇಳಿ ಹೋಗಿಬಿಡುವಳು. ಒಳ್ಳೆಯದೆಲ್ಲ ಮನೆಗೇ ಹೋದರೆ ಅಂಗಡಿ ಯಾಕೆ ಇಟ್ಟುಕೊಳ್ಳಬೇಕು ಎಂದು ಗಂಗಾಧರಪ್ಪನವರು ಗೊಣಗುತ್ತಿದ್ದರು. ಗೊಣಗುತ್ತಲೇ ಮೂಟೆಯನ್ನು ಮನೆಗೆ ಹೊರಿಸುತ್ತಿದ್ದರು.

ವರ್ಷಕ್ಕಾಗುವ ಪುಡಿಯೆಲ್ಲ ಆ ಮನೆಯಲ್ಲಿ ಬೇಸಿಗೆಯಲ್ಲೇ ಆಗಬೇಕು. ಮಳೆ ಶುರುವಾದರೆ ಮೆಣಸಿನಕಾಯಿ ಮೆತ್ತಗಾಗುತ್ತದೆ, ಪುಡಿಗೆ ಹುಳು ಬೀಳುತ್ತದೆ. ಖಾರದ ಪುಡಿ, ಅರಿಸಿನ, ಸಾರಿನ ಪುಡಿ, ಹುಳಿ ಪುಡಿ, ಕಡಲೆಬೇಳೆ ಹುರಿದು ಮಾಡುವ ಚಟ್ನಿಪುಡಿ ಎಲ್ಲ ಭರಣಿಗಳಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಬೇಕು.

ಕುಟ್ಟುವುದಕ್ಕೆ ಸೋಮಮ್ಮ ಬರುತ್ತಿದ್ದಳು. ಹೊಳೆ ದಾರಿಯ ಕೇರಿಯವಳು, ಕೂಲಿ ಮಾಡುವ ಮಂಚಯ್ಯನ ಹೆಂಡತಿ. ಬರುವಾಗ ತನ್ನದೇ ಒನಕೆ ಹೆಗಲ ಮೇಲಿಟ್ಟುಕೊಂಡು ಬರುವಳು. ಬೇರೆಯವರ ಒನಕೆ ಅವಳ ಕೈಗೆ ಕೂರುತ್ತಿರಲಿಲ್ಲ. ಹಿತ್ತಿಲಲ್ಲಿ ನೆಲಕ್ಕೆ ಹೂತಿದ್ದ ಕಲ್ಲಿನ ಒರಳು. ಒಂದು ಕಡೆ ಅವಳು, ಎದುರಿಗೆ ಗುರುಶಾಂತಮ್ಮ. ಒಂದು ಒನಕೆ ಇಳಿಯುವಾಗ ಇನ್ನೊಂದು ಏಳಬೇಕು, ಒರಳು ಒಂದು ಗಳಿಗೆಯೂ ಬರಿದಾಗಿರಬಾರದು. ಹಾಗೆ ಜೋಡಿಯಲ್ಲಿ ಬಿದ್ದರೆ ಮಾತ್ರ ಪುಡಿ ನುಣ್ಣಗಾಗುತ್ತದೆ. ಒಬ್ಬರೇ ಕುಟ್ಟಿದರೆ ಎಷ್ಟು ಜರಡಿ ಹಿಡಿದರೂ ತರಿ ಉಳಿಯುತ್ತದೆ.

ಜೋಡಿ ಒನಕೆಗೆ ಎಲ್ಲರ ಕೈ ಕೂಡಿ ಬರುವುದಿಲ್ಲ. ಇವರಿಬ್ಬರಿಗೆ ಮೊದಲ ದಿನವೇ ಕೂಡಿ ಬಂದಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಊರವರನ್ನೆಲ್ಲ ಆಡಿಕೊಂಡು ಕುಟ್ಟುತ್ತಿದ್ದರು. ಸೋಮಮ್ಮ ಯಾರದಾದರೂ ನಡಿಗೆಯನ್ನು ಒನಕೆಯಲ್ಲೇ ಮಾಡಿ ತೋರಿಸುವಳು. ಗುರುಶಾಂತಮ್ಮನಿಗೆ ನಗು ತಡೆಯಲಾಗದೆ ಪೆಟ್ಟು ತಪ್ಪಿ ಎರಡು ಒನಕೆಯೂ ಠಕ್ಕೆಂದು ಬಡಿದುಕೊಳ್ಳುತ್ತಿದ್ದವು. ಹಗಲಿಡೀ ಒಂದೇ ಕಡೆ ಗುರುಶಾಂತಮ್ಮ ನಿಂತಿರುತ್ತಿದ್ದದ್ದು ಆ ಒರಳಿನ ಹತ್ತಿರ ಮಾತ್ರ.

ಆದರೆ ಆ ಮನೆಗೆ ಒಂದು ಕಟ್ಟಳೆ ಇತ್ತು. ಸುಂದ್ರಮ್ಮನವರ ಅತ್ತೆಯ ಕಾಲದಿಂದ ಬಂದದ್ದು. ಹಸಿಯದನ್ನು ಯಾರು ಬೇಕಾದರೂ ಮುಟ್ಟಬಹುದು, ಬಿಸಿಲಲ್ಲಿ ಒಣಗಿದ್ದನ್ನೂ ಮುಟ್ಟಬಹುದು. ಒಲೆ ಕಂಡ ಮೇಲೆ ಅದು ಅಡುಗೆ, ಹೊರಗಿನವರ ಕೈ ಸೋಕಬಾರದು. ಹೀಗಾಗಿ ಮೆಣಸಿನಕಾಯಿ, ಅರಿಸಿನದ ಕೊಂಬು ಮುಗಿಯಿತೆಂದರೆ ಸೋಮಮ್ಮನ ಕೆಲಸ ಮುಗಿಯಿತು. ದನಿಯ, ಮೆಂತ್ಯ, ಜೀರಿಗೆ ಹುರಿಯುವ ವಾಸನೆ ಬರುವಾಗ ಅವಳು ಒನಕೆ ತೊಳೆದುಕೊಂಡು ಹಿತ್ತಿಲ ಬೇಲಿ ದಾಟುತ್ತಿರುತ್ತಿದ್ದಳು. ಹುರಿದದ್ದನ್ನು ಗುರುಶಾಂತಮ್ಮ ಒಳಗಿನ ಚಿಕ್ಕ ಒರಳಲ್ಲಿ ಒಬ್ಬಳೇ ಕುಟ್ಟಬೇಕು. ಕುಟ್ಟಿದ ಸಾರಿನ ಪುಡಿಯಲ್ಲಿ ತರಿ ಉಳಿಯಿತು ಎಂದು ಪ್ರತಿ ವರ್ಷ ಸುಂದ್ರಮ್ಮನವರಿಂದಲೇ ಮಾತು ಕೇಳಬೇಕು.

ಐವತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಸುಂದ್ರಮ್ಮನವರ ತಮ್ಮ, ಹಂಪಾಪುರದ ಪುಟ್ಟಮಲ್ಲಪ್ಪನವರ ಮಗನ ಮದುವೆ ಗೊತ್ತಾಯಿತು. ಮದುವೆ ಸಾರಿಗೆ ಪುಡಿ ಅಕ್ಕನ ಮನೆಯಿಂದಲೇ ಬರಬೇಕೆಂದು ತಮ್ಮ ಹೇಳಿ ಕಳಿಸಿದರು. ಅಷ್ಟೊಂದು ಪುಡಿಯನ್ನು ಒಬ್ಬಳೇ ಕುಟ್ಟುವುದು ಆಗದ ಮಾತು. ಗುರುಶಾಂತಮ್ಮ ನಾಲ್ಕಾರು ದಿನ ಒಳಗೂ ಹೊರಗೂ ತಿರುಗಿದಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಹುರಿದು ಕುಟ್ಟುವ ಬದಲು ಕುಟ್ಟಿ ಹುರಿದರೆ ಹೇಗೆ? ದನಿಯ, ಮೆಂತ್ಯವನ್ನು ಬಿಸಿಲಿಗೆ ಚೆನ್ನಾಗಿ ಕಾಯಿಸಿ, ಹಸಿಯದಾಗಿಯೇ ಸೋಮಮ್ಮನ ಜೊತೆ ಜೋಡಿಯಲ್ಲಿ ಕುಟ್ಟುವುದು. ಆಮೇಲೆ ಪುಡಿಯನ್ನು ಒಲೆಗೆ ಹಾಕುವುದು. ಕಟ್ಟಳೆಯೂ ಉಳಿಯಿತು, ಸೋಮಮ್ಮನ ಕೈಯೂ ಸಿಕ್ಕಿತು. ಸುಂದ್ರಮ್ಮನವರೂ ಒಪ್ಪಿದರು. ಸೋಮಮ್ಮ ಮಾತ್ರ, ಪುಡಿ ಉರುದ್ರೆ ಸೀಯಾಕಿಲ್ವೇನವ್ವಾ ಎಂದು ಒಮ್ಮೆ ಕೇಳಿದಳಂತೆ. ಸಣ್ಣ ಉರಿಯಲ್ಲಿ ಹುರಿಯುತ್ತೇನೆ ಎಂದು ಗುರುಶಾಂತಮ್ಮ ಅಂದಳು.

ಪುಡಿ ಗಂಧದ ಹಾಗೆ ನುಣ್ಣಗೆ ಬಂತು. ಆದರೆ ಬಾಣಲೆಯಲ್ಲಿ ಪುಡಿಯ ನಡತೆ ಕಾಳಿನ ನಡತೆಯಲ್ಲ. ಮೇಲಿನದು ಹಸಿಯಾಗೇ ಇರುವಾಗ ತಳದ್ದು ಸೀದಿರುತ್ತದೆ. ಅದರಲ್ಲೂ ಮೆಂತ್ಯ ಸೀದರೆ ಕಹಿಯೋ ಕಹಿ. ಲಿಂಗಕ್ಕೆ ತೋರಿಸದೆ ಗುರುಶಾಂತಮ್ಮ ಯಾವುದನ್ನೂ ನಾಲಗೆಗೆ ಇಟ್ಟವಳಲ್ಲ. ಎಲ್ಲ ಮೂಗಿನ ಮೇಲೆಯೇ. ಅಂದು ಇಂಗಿನ ಘಾಟು ಮುಂದಾಗಿ ಬಂದು ಸೀದ ವಾಸನೆ ಹಿಂದೆ ಅಡಗಿತು. ಎಲ್ಲೋ ಒಂದು ಎಳೆ ಬಡಿದಂತಾಗಿ ಮತ್ತೆ ಮೂಸಿದಳು. ಸಿಗಲಿಲ್ಲ. ತುಂಬಿ, ಬಾಯಿ ಕಟ್ಟಿ, ಗಾಡಿಗೆ ಹಾಕಿಸಿದಳು.

ಹಂಪಾಪುರದಲ್ಲಿ ಸಾರು ಬಾಯಿಗೆ ಇಡಲಾಗಲಿಲ್ಲ. ಅಡುಗೆಯ ಕಂಠಪ್ಪ ಬೆಲ್ಲ ಹಾಕಿದ, ಹುಣಸೆಹಣ್ಣು ಕಿವುಚಿದ. ಬೆಲ್ಲ ಹಾಕಿದಷ್ಟೂ ಕಹಿ ಮೇಲೆದ್ದಿತು. ಹೆಣ್ಣಿನ ಕಡೆಯವರು ಅನ್ನದ ಮೇಲಿನ ಸಾರನ್ನು ಎಲೆಯ ಪಕ್ಕಕ್ಕೆ ಸರಿಸಿ ಮಜ್ಜಿಗೆ ಕೇಳಿದರು. ಬೇವಿನ ಮರದ ಕೆಳಗೆ ಚಪ್ಪರ ಹಾಕಿದ್ದಕ್ಕೆ ಹೀಗಾಯಿತು ಎಂದು ಯಾರೋ ಅಂದರು. ಪಂಕ್ತಿಯಲ್ಲಿ ನಗು ಹರಿಯಿತು. ಪುಟ್ಟಮಲ್ಲಪ್ಪನವರು ನಗಲಿಲ್ಲ. ಪುಡಿ ಕುಟ್ಟಿದ್ದು ಯಾರು ಎಂದು ಒಳಗೆ ಹೆಂಗಸರು ಕೇಳಿದರು. ಸುಂದ್ರಮ್ಮನವರು ಹೇಳಿದರು:

"ನಮ್ ಸೋಮಿ. ಎಲ್ಲೋ ಹೊಂಗೆ ಬೀಜ ಕುಟ್ಟಿದ ಒನಕೆ ತೊಳೀದೆ ತಂದವ್ಳೆ, ಇನ್ನೇನು."

ಗುರುಶಾಂತಮ್ಮ ತುಪ್ಪದ ಗಿಂಡಿ ಹಿಡಿದು ಅಲ್ಲೇ ನಿಂತಿದ್ದಳು. ಆಗ ಬಾಯಿ ಬಿಟ್ಟಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅವಳು ಬಡಿಸಲು ಹೋದಳು.

ಆ ಮಾತು ಅವರಿಗಿಂತ ಮುಂಚೆ ಸರಗೂರಿಗೆ ಬಂದಿತ್ತು. ಮುಂದಿನ ಸಲ ಸೋಮಮ್ಮ ಬಂದಾಗ ಸುಂದ್ರಮ್ಮನವರು ಹಿತ್ತಿಲ ಬಾಗಿಲಲ್ಲೇ ನಿಂತು, ಇನ್ನು ಬರುವುದು ಬೇಡ ಎಂದರು. ಸೋಮಮ್ಮ ಹಿಂದೆ ನಿಂತಿದ್ದ ಗುರುಶಾಂತಮ್ಮನ ಮುಖವನ್ನು ಸುಮ್ಮನೆ ನೋಡಿದಳು. ಪುಡಿ ಸೀಯುತ್ತದೆ ಎಂದು ಮೊದಲೇ ಅಂದವಳು ಅವಳು. ಗುರುಶಾಂತಮ್ಮ ನೆಲ ನೋಡಿದಳು. ಸೋಮಮ್ಮ ಒನಕೆಯನ್ನು ಹೆಗಲಿಗೆ ಹಾಕಿಕೊಂಡು ಹೋದಳು. ಅಲ್ಲಿಂದ ಮುಂದೆ ಬೀದಿಯ ಬೇರೆ ಮನೆಗಳವರೂ ಅವಳನ್ನು ಕರೆಯಲಿಲ್ಲ. ಹೊಂಗೆ ಒನಕೆಯವಳು ಎಂದು ಹೆಸರೇ ಆಯಿತು. ಅವಳು ನುಗು ಹೊಳೆಗೆ ಕಟ್ಟೆ ಕಟ್ಟುವಲ್ಲಿಗೆ ಕಲ್ಲು ಹೊರಲು ಹೋದಳು.

ಗುರುಶಾಂತಮ್ಮನ ಓಡಾಟ ಅಲ್ಲಿಂದ ಹೆಚ್ಚಿತು. ಮೊದಲೆಲ್ಲ ಕೆಲಸಕ್ಕೆ ಓಡಾಡುತ್ತಿದ್ದವಳು ಈಗ ಕೆಲಸವಿಲ್ಲದೆ ಓಡಾಡಿದಳು. ಅಂಗಡಿಗೆ ಹೋಗಿ, ಯಾಕೆ ಬಂದೆ ಎಂದು ಮರೆತು ವಾಪಸು ಬರುತ್ತಿದ್ದಳು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಕಾಲಿಗೆ ಇರುವೆ ಹತ್ತಿದೆಯಾ ಎಂದು ಅತ್ತೆ ಕೇಳಿದರೆ ಹೂಂ ಎನ್ನುತ್ತಿದ್ದಳು.

ಮುಂದಿನ ಬೇಸಿಗೆಗೆ ಜೋಡಿ ಹುಡುಕಿದಳು. ಪಕ್ಕದ ಮನೆಯ ರುಕ್ಮಿಣಮ್ಮ ನಾಲ್ಕು ಪೆಟ್ಟಿಗೆ ಸುಸ್ತಾಗಿ ಕೂತರು. ನಾದಿನಿಯೊಬ್ಬಳು ಬಂದಳು. ಅವಳ ಒನಕೆ ಇವಳ ಒನಕೆಯ ತಲೆಯ ಮೇಲೇ ಬೀಳುತ್ತಿತ್ತು. ಒಂದು ದಿನ ಬಾಗಿಲು ಹಾಕಿಸಿ ಗಂಗಾಧರಪ್ಪನವರ ಕೈಗೇ ಒನಕೆ ಕೊಟ್ಟಳು. ಅವರು ಪಂಚೆ ಎತ್ತಿ ಕಟ್ಟಿಕೊಂಡು ಕುಟ್ಟಿದ ರಭಸಕ್ಕೆ ಮೆಣಸಿನಕಾಯೆಲ್ಲ ಒರಳಿನಿಂದ ಹಾರಿತು. ಸೀನುತ್ತ ಅಂಗಡಿಗೆ ಓಡಿದವರು ಸಂಜೆಯವರೆಗೆ ಗಿರಾಕಿಗಳ ಮುಂದೆ ಸೀನುತ್ತಲೇ ಇದ್ದರು.

ಅಷ್ಟರಲ್ಲಿ ಊರಿಗೆ ಹಿಟ್ಟಿನ ಮಿಷನ್ನು ಬಂದಿತ್ತು. ಬಸ್ಸು ನಿಲ್ಲುವ ಕಡೆ ಆಯಿಲ್ ಎಂಜಿನ್ನು ಟಕಟಕ ಎನ್ನುವುದು ಅಂಗಡಿ ಬೀದಿಯವರೆಗೂ ಕೇಳುತ್ತಿತ್ತು. ಮಿಷನ್ನಿಗೆ ಕೈ ಇಲ್ಲವಲ್ಲ ಎಂದು ಅತ್ತೆಯನ್ನು ಒಪ್ಪಿಸಿ, ಹುರಿದ ದನಿಯವನ್ನು ಅಲ್ಲಿಗೂ ಒಯ್ದಳು. ಪುಡಿ ಕೈ ಇಡಲಾಗದಷ್ಟು ಬಿಸಿಯಾಗಿ, ಯಾರದೋ ರಾಗಿ, ಯಾರದೋ ಮೆಣಸಿನಕಾಯಿಯ ವಾಸನೆ ಬೆರೆತು ಬಂತು. ನುಣ್ಣಗೇನೋ ಇತ್ತು. ಭರಣಿಗೆ ತುಂಬಿ, ಮಾರನೆಯ ದಿನ ಮುಚ್ಚಳ ತೆಗೆದು ಮೂಸಿ, ಅಷ್ಟನ್ನೂ ಅಂಗಡಿಗೆ ಕಳಿಸಿದಳು.

ಅವಳಿಗೆ ಬೇಕಾಗಿದ್ದದ್ದು ಪುಡಿಯಲ್ಲ. ಅದು ಅವಳಿಗೂ ಗೊತ್ತಿತ್ತು. ಸೋಮಮ್ಮ ಆ ಒರಳಿಗೆ ಮತ್ತೆ ಬರಬೇಕಾಗಿತ್ತು.

ಕಳೆದ ದೀಪಾವಳಿಯ ಆಸುಪಾಸಿನಲ್ಲಿ ಬಟ್ಟೆ ಒಗೆಯುವ ನೆಪ ಮಾಡಿಕೊಂಡು ಕಪಿಲಾ ಹೊಳೆಗೆ ಹೋದಳು. ಸೋಮಮ್ಮ ಅಲ್ಲಿರುತ್ತಾಳೆಂದು ವಿಚಾರಿಸಿಕೊಂಡೇ ಹೋಗಿದ್ದಳು. ಸೋಮಮ್ಮ ಕಂಬಳಿ ಬಡಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಏನವ್ವಾ, ಮಿಷನ್ ಪುಡಿ ಚೆನ್ನಾಗದಂತೆ?"

"ಚೆನ್ನಾಗಿಲ್ಲ ಸೋಮಮ್ಮ. ನೀನು ಬಾ."

"ಯಾಕೆ, ಒಂಗೆ ವಾಸ್ನೆ ಇಲ್ದೆ ಬಾಯಿಗೆ ರುಚಿ ಅತ್ತುತಿಲ್ವಾ?"

ಗುರುಶಾಂತಮ್ಮ ಕಲ್ಲಿನಿಂದ ಕಲ್ಲಿಗೆ ಕಾಲು ಬದಲಿಸಿದಳು. ತಪ್ಪು ತನ್ನದೇ ಎಂದು, ಬಾಣಲೆಯಲ್ಲೇ ಕೆಟ್ಟಿತೆಂದು ಹೇಳಿದಳು. ಸೋಮಮ್ಮ ಕಂಬಳಿ ಹಿಂಡಿ ಕಲ್ಲಿನ ಮೇಲಿಟ್ಟಳು.

"ನಂಗ್ಯಾಕೆ ಯೋಳೀರಿ, ನಂಗೆ ಅವತ್ತೇ ಗೊತ್ತು. ಗೊತ್ತಿಲ್ದಿರೋರ್ಗೆ ಯೋಳಿ. ನಿಮ್ಮತ್ತೆಗ್ ಯೋಳಿ, ನಮ್ ಕೇರಿನಾಗ್ ನಿಂತ್ ಯೋಳಿ. ಆಮ್ಯಾಕೆ ಬತ್ತೀನಿ. ಬಂದ್ರೆ ಉರುದಿದ್ದನ್ನೂ ಕುಟ್ಟೋದೇ ಕಣವ್ವಾ. ಅಸೀದ್ ಮಾತ್ರ ಕುಟ್ಟಾಕೆ ಮಿಷನ್ ಸಾಕು."

ಒದ್ದೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಹಿಂದೆ ಒನಕೆ ಹೊತ್ತು ಹೋಗುತ್ತಿದ್ದ ಹಾಗೆಯೇ ದಂಡೆ ಹತ್ತಿ ಹೋದಳು.

ಹೇಳಬೇಕೆಂದುಕೊಂಡೇ ಗುರುಶಾಂತಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ಹೇಳಲಿಲ್ಲ. ಅವರಿಗೆ ಎಣ್ಣೆ ಹಚ್ಚುವಾಗ ಹೇಳೋಣವೆಂದುಕೊಂಡಳು, ಆಗಲೂ ಆಗಲಿಲ್ಲ. ಸಂಕ್ರಾಂತಿ ಬಂತು, ಶಿವರಾತ್ರಿ ಕಳೆಯಿತು. ಮಾತು ಬಾಯಿಯವರೆಗೆ ಬಂದು, ಅತ್ತೆ ತಲೆ ಎತ್ತಿದ ಕೂಡಲೇ ಇನ್ನೇನೋ ಆಗಿ ಹೊರಬೀಳುತ್ತಿತ್ತು. ಹಾಲು ಬಂತಾ, ದೀಪಕ್ಕೆ ಎಣ್ಣೆ ಇದೆಯಾ ಎಂಬಂಥ ಮಾತು. ಹೆದರಿಕೆ ಬೈಗುಳದ್ದಲ್ಲ. ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಏನು ಹೇಳುವುದು ಎಂದು. ದಿನ ಕಳೆದಷ್ಟೂ ಅದೇ ದೊಡ್ಡದಾಗುತ್ತಿತ್ತು. ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ಎಂದು ಆ ದಿನಗಳಲ್ಲಿ ಒಂದೆರಡು ಸಲ ಅಂದಿದ್ದಳು. ಊರೆಲ್ಲ ತಿರುಗಿದರೆ ಹಾಗೇ ಆಗುವುದು ಎಂದು ಕೇಳಿದವರು ಅಂದರು. ಅದನ್ನು ಈಗ ನೆನೆದು ಪ್ರಯೋಜನವಿಲ್ಲ.

ಯುಗಾದಿಯ ದಿನ ಪುಟ್ಟಮಲ್ಲಪ್ಪನವರು ಅಕ್ಕನನ್ನು ನೋಡಲು ಹಂಪಾಪುರದಿಂದ ಬಂದರು. ಗುರುಶಾಂತಮ್ಮ ಬೇವು ಬೆಲ್ಲದ ಬಟ್ಟಲು ತಂದು ಮುಂದೆ ಹಿಡಿದಳು. ಅವರು ಚಿಟಿಕೆ ತೆಗೆದುಕೊಂಡು ನಕ್ಕರು.

"ಬೇವು ಯಾಕವ್ವಾ ತರೋಕೆ ಹೋದ್ರಿ? ನಮ್ ಮದ್ವೆ ಪುಡಿ ಉಳ್ದಿದ್ರೆ ಅದ್ನೇ ಕೊಡಬೋದಾಗಿತ್ತು."

ಸುಂದ್ರಮ್ಮನವರೂ ನಕ್ಕು, ಎಲ್ಲ ಆ ಸೋಮಿ ಮಾಡಿದ್ದು ಎಂದರು. ಗುರುಶಾಂತಮ್ಮ ಬಟ್ಟಲನ್ನು ಕೆಳಗಿಟ್ಟಳು.

"ಸೋಮಮ್ಮನದಲ್ಲ ಅತ್ತೆ. ಕುಟ್ಟಿದ್ದನ್ನ ಹುರಿಯೋಕೆ ಹೋಗಿ ನಾನೇ ಸೀಯಿಸಿದ್ದು. ಅವಳ ಒನಕೆ ತೊಳೆದಿತ್ತು."

ಪುಟ್ಟಮಲ್ಲಪ್ಪನವರ ಕೈ ಬಾಯಿಯ ಹತ್ತಿರ ನಿಂತಿತು. ಗಂಗಾಧರಪ್ಪನವರು ಬೀದಿಯ ಕಡೆ ನೋಡಿದರು. ಸುಂದ್ರಮ್ಮನವರು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸರಿ ಮಾಡಿಕೊಂಡರು. ಆಮೇಲೆ ಕೇಳಿದರು:

"ಹುರಿದದ್ದು ಅವಳು ಮುಟ್ಟಬಾರದು ಅಂತ ನಾನಂದೆ. ಅದಕ್ಕೇ ತಾನೆ ನೀನು ಹಂಗೆ ಮಾಡಿದ್ದು?"

"ಹೂಂ."

"ಹೇಳೋಕೆ ಇಷ್ಟು ವರ್ಷ ಬೇಕಿತ್ತಾ?"

"ಬೇಕಾಯ್ತು ಅತ್ತೆ."

ಈಗ ಕರೆದರೆ ಅವಳು ಬರುತ್ತಾಳಾ ಎಂದು ಸುಂದ್ರಮ್ಮನವರು ಕೇಳಿದರು. ಹುರಿದದ್ದನ್ನೂ ಕುಟ್ಟುವುದಾದರೆ ಬರುತ್ತಾಳೆ ಎಂದು ಗುರುಶಾಂತಮ್ಮ ಹೇಳಿದಳು. ಮುದುಕಿ ಗೋಡೆ ಹಿಡಿದು ಎದ್ದರು. ತನಗೆ ಈಗ ಕಣ್ಣು ಮುಂಚಿನ ಹಾಗಿಲ್ಲ, ಹಿತ್ತಿಲ ಕಡೆಗೆ ಬರುವುದನ್ನೇ ಬಿಟ್ಟಿದ್ದೇನೆ, ಅಲ್ಲಿ ಯಾರು ಏನು ಕುಟ್ಟುತ್ತಾರೋ ಕಾಣುವುದಿಲ್ಲ ಎಂದು ಹೇಳಿ ಒಳಗೆ ಹೋದರು. ಅವರು ಒಪ್ಪಿಗೆ ಕೊಡುವ ರೀತಿಯೇ ಅದು.

ಅಂದೇ ಮಧ್ಯಾಹ್ನ, ಹಬ್ಬದ ಸೀರೆಯಲ್ಲೇ, ಗುರುಶಾಂತಮ್ಮ ಹೊಳೆ ದಾರಿಯ ಕೇರಿಗೆ ಹೋದಳು. ಅಂಗಡಿ ಬೀದಿಯ ಹೆಂಗಸು ಆ ಕೇರಿಯೊಳಗೆ ಕಾಲಿಟ್ಟದ್ದನ್ನು ಕಂಡು ಎಲ್ಲ ಬಾಗಿಲುಗಳಲ್ಲೂ ಜನ ನಿಂತರು. ಸೋಮಮ್ಮನ ಜಗಲಿಯ ಮುಂದೆ ನಿಂತು, ಪುಡಿ ಸೀಯಿಸಿದ್ದು ನಾನು, ಸೋಮಮ್ಮನ ಒನಕೆಯಲ್ಲಿ ಏನೂ ಇರಲಿಲ್ಲ ಎಂದು ಹೇಳಿದಳು. ಸೋಮಮ್ಮ ಕಂಬಕ್ಕೆ ಒರಗಿ ಕೇಳಿಸಿಕೊಂಡಳು.

"ಇನ್ನೊಂದ್ ಸಲ ಯೋಳಿ ಅವ್ವಾ. ಆ ಮೂಲೆಮನೆ ಬಸವಮ್ಮಂಗೆ ಕಿವಿ ಮಂದ."

ಗುರುಶಾಂತಮ್ಮ ಮೂಲೆಮನೆಯ ಕಡೆ ತಿರುಗಿ, ಗಟ್ಟಿಯಾಗಿ, ಇನ್ನೊಂದು ಸಲ ಹೇಳಿದಳು. ಬಸವಮ್ಮ, ಮೊದಲನೇ ಸಲವೇ ಕೇಳಿಸ್ತು ಬುಡಿ ಎಂದಳು. ಕೇರಿಯೆಲ್ಲ ನಕ್ಕಿತು. ಸೋಮಮ್ಮನೂ ನಕ್ಕಳು. ಸೋಮವಾರ ಬರುವುದಾಗಿ ಹೇಳಿದಳು.

ಆ ಸೋಮವಾರ ಬೆಳಿಗ್ಗೆ ನಡೆದದ್ದನ್ನು ಹೇಳಿದವಳು ಸೋಮಮ್ಮ. ಮಣ್ಣು ಮಾಡಿದ ಮೂರನೆಯ ದಿನ, ಆ ಹಿತ್ತಿಲ ಬೇಲಿಯ ಹತ್ತಿರವೇ ನಿಂತು ಹೇಳಿದಳು. ಒಂದೇ ಸಲ ಹೇಳಿದಳು.

ಅವಳು ಒನಕೆ ಹೊತ್ತು ಬಂದಾಗ ಎಳೆ ಬಿಸಿಲು. ಒರಳು ತೊಳೆದಿತ್ತು. ಗುರುಶಾಂತಮ್ಮನ ಒನಕೆ ಗೋಡೆಗೆ ಒರಗಿತ್ತು. ಅದರ ಪಕ್ಕ ಇನ್ನೊಂದಕ್ಕೆ ಜಾಗ ಬಿಟ್ಟಿತ್ತು. ಸೋಮಮ್ಮ ತನ್ನದನ್ನು ಅಲ್ಲಿ ಒರಗಿಸಿದಳು. ಒಳಗಿನಿಂದ ಹುರಿದ ದನಿಯದ ವಾಸನೆ ಬರುತ್ತಿತ್ತು. ಎಷ್ಟೋ ವರ್ಷ ಆ ವಾಸನೆ ಬಂದ ಕೂಡಲೇ ಹೊರಟುಹೋಗಿದ್ದ ಅಭ್ಯಾಸಕ್ಕೆ ಕಾಲು ತಾನಾಗಿ ಬೇಲಿಯ ಕಡೆ ತಿರುಗಿತಂತೆ.

ಗುರುಶಾಂತಮ್ಮ ಮೊರದ ತುಂಬ ದನಿಯ ಹಿಡಿದು ಹೊರಗೆ ಬಂದಳು. ಇನ್ನೂ ಬಿಸಿಯಾಗಿತ್ತು. ಸೋಮಮ್ಮನ ಮುಂದೆ ಹಿಡಿದು, ಆಯಿತಾ ನೋಡು ಎಂದಳು. ಸೋಮಮ್ಮ ಸೀರೆಗೆ ಕೈ ಒರೆಸಿಕೊಂಡು ನಾಲ್ಕು ಕಾಳು ತೆಗೆದುಕೊಂಡಳು. ಎರಡನ್ನು ಉಗುರಲ್ಲಿ ಒಡೆದಳು, ಎರಡನ್ನು ಬಾಯಿಗೆ ಹಾಕಿಕೊಂಡು ಅಗಿದಳು.

"ಒಳ್ಗೆ ಇನ್ನೂ ಅಸಿ ಅದೆ ಕಣವ್ವಾ. ಇನ್ನೊಂದ್ ಸುತ್ತು ಉರೀರಿ."

ತನ್ನ ಮೂಗಿನ ಮೇಲೆ ಇನ್ನೊಬ್ಬರ ಮಾತು ಕೇಳಿದವಳಲ್ಲ ಗುರುಶಾಂತಮ್ಮ. ಅಂದು ಮೊರವನ್ನು ಮೂಗಿಗೂ ಹಿಡಿಯಲಿಲ್ಲ. ಸರಿ, ಕೂತಿರು ಎಂದು ಹೇಳಿ ಒಳಗೆ ನಡೆದಳು. ಅಡುಗೆಮನೆಯ ಬಾಗಿಲು ಹಿತ್ತಿಲಿಗೆ ತೆರೆದಿತ್ತು, ಸೋಮಮ್ಮನಿಗೆ ಎಲ್ಲ ಕಾಣುತ್ತಿತ್ತು. ಗುರುಶಾಂತಮ್ಮ ದನಿಯವನ್ನು ಬಾಣಲೆಗೆ ಸುರಿದಳು. ಆರುತ್ತ ಬಂದಿದ್ದ ಒಲೆಗೆ ಒಂದು ಸೀಳು ಸೌದೆ ತಳ್ಳಿದಳು. ಗೋಡೆಯ ಹತ್ತಿರವಿದ್ದ ಮಣೆಯನ್ನು ಎಳೆದುಕೊಂಡು ಅದರ ಮೇಲೆ ಕೂತಳು. ಮೊಗಚೆಕೈ ತೆಗೆದುಕೊಂಡು, ಕಾಳು ಸೀಯದ ಹಾಗೆ, ನಿಧಾನವಾಗಿ ತಿರುವತೊಡಗಿದಳು.